ಕಿಟಕಿಗೆ ಹಿಡಿಕೆ ಬಂದ ಕಥೆ

ಡೊಂಬಿವಲಿ, ಕಲ್ಯಾಣದ ಕಡೆ ಒನ್ ರೂಮ್ ಕಿಚನ್‌ನಲ್ಲಿ ಸಂಸಾರ ಮಾಡಿದವರಿಗೆಲ್ಲ ಸೋಫಾ-ಕಮ್-ಬೆಡ್ಡಿನ ಪರಿಚಯ ಇದ್ದೇ ಇರುತ್ತದೆ. ರಾತ್ರಿ ಬಿಚ್ಚಿದರೆ ಹಾಲ್ ಪೂರ್ತಿ ಅದೇ. ಬಿಚ್ಚಿದ ಮೇಲೆ ಈಚೆಗೆ ಎಳೆಯುವುದೂ ಇಲ್ಲ, ಆಚೆಗೆ ತಳ್ಳುವುದೂ ಇಲ್ಲ. ಬೆಳಿಗ್ಗೆ ಮಡಚಿದರೆ ಮತ್ತೆ ಹಳೆಯ ಜಾಗದಲ್ಲಿ, ಹಳೆಯ ಅಳತೆಯಲ್ಲಿ ಗೋಡೆಗೆ ಒರಗಿ ಕೂರುತ್ತದೆ. ಕಂಪ್ಯೂಟರಿನಲ್ಲಿ ನಾವು ದಿನಾ ಒತ್ತುವ ಮ್ಯಾಕ್ಸಿಮೈಸ್ ಬಟನ್ ಮಾಡುವುದೂ ಹೆಚ್ಚುಕಮ್ಮಿ ಇದನ್ನೇ.

ನಾನು ಬಿ.ಕಾಂ. ಓದಿದವನು, ಕಂಪ್ಯೂಟರ್ ಸೈನ್ಸ್ ಅಲ್ಲ. ಆದರೆ ಮೂವತ್ತು ವರ್ಷದಿಂದ ಬ್ಯಾಂಕಿನಲ್ಲಿ ಈ ಪರದೆಯನ್ನೇ ನೋಡುತ್ತಾ ಕೂತಿದ್ದೇನಲ್ಲ, ಇದರ ಇತಿಹಾಸ ಏನಿರಬಹುದು ಎಂಬ ಕುತೂಹಲ ಹುಟ್ಟಿತು. ಹುಡುಕುತ್ತಾ ಹೋದರೆ ಆ ಸಣ್ಣ ಬಟನ್ನಿನ ಹಿಂದೆ ಐವತ್ತು ವರ್ಷದ ಕಥೆಯಿದೆ. ಅದರ ಬಾಲದಲ್ಲಿ ನಮ್ಮ ನಿಮ್ಮ ದುಡ್ಡಿಗೆ ಸಂಬಂಧಪಟ್ಟ ಒಂದು ಮಾತೂ ಇದೆ.

ಮೊದಲು ಕಿಟಕಿಯೇ ಇರಲಿಲ್ಲ. ನಮ್ಮ ಬ್ಯಾಂಕುಗಳಿಗೆ ಕಂಪ್ಯೂಟರ್ ಸುಲಭವಾಗಿ ಬರಲಿಲ್ಲ. 1983ರಲ್ಲಿ ನೌಕರರ ಸಂಘಗಳ ಜೊತೆ ಒಪ್ಪಂದ, 1984ರಲ್ಲಿ ಡಾ. ಸಿ. ರಂಗರಾಜನ್ ಸಮಿತಿಯ ವರದಿ, 1989ರಲ್ಲಿ ಅವರದ್ದೇ ಎರಡನೇ ಸಮಿತಿಯ ವರದಿ... ಹೀಗೆ ಹೆಜ್ಜೆ ಹೆಜ್ಜೆಯಾಗಿ ಶಾಖೆಗಳಿಗೆ ಎಎಲ್‌ಪಿಎಂ ಬಂತು. ಅಂದರೆ ಅಡ್ವಾನ್ಸ್‌ಡ್ ಲೆಡ್ಜರ್ ಪೋಸ್ಟಿಂಗ್ ಮಷೀನ್. ತೊಂಬತ್ತರ ದಶಕದಲ್ಲಿ ನಾನು ಕಲ್ಯಾಣದ ಶಾಖೆಯೊಂದಕ್ಕೆ ಸೇರಿದಾಗ ಕೌಂಟರಿನಲ್ಲಿ ಇದ್ದದ್ದು ಡಾಸ್‌ನ ಕಪ್ಪು ಪರದೆ. 80 ಅಕ್ಷರ ಅಗಲ, 25 ಸಾಲು ಎತ್ತರ. ಓಡುತ್ತಿರುವ ಪ್ರೋಗ್ರಾಮಿಗೆ ಇಡೀ ಪರದೆ ಸ್ವಂತ. ಬಡ್ಡಿ ಲೆಕ್ಕ ಹಾಕಬೇಕಾದರೆ ಮೇಜಿನ ಮೇಲಿನ ಕ್ಯಾಲ್ಕುಲೇಟರೇ ಗತಿ. ಇವತ್ತು ಫುಲ್ ಸ್ಕ್ರೀನ್ ಎಂದು ಕರೆಯುವುದು ಆಗ ಬೇರೆ ದಾರಿಯೇ ಇಲ್ಲದ ಸ್ಥಿತಿಯಾಗಿತ್ತು.

ನಾವು ಹೀಗಿದ್ದಾಗ ಅಮೆರಿಕದಲ್ಲಿ ಕಿಟಕಿಗಳ ಜಗಳ ಶುರುವಾಗಿ ಹಳತಾಗಿತ್ತು. ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಪ್ರಯೋಗಾಲಯದವರು 1973ರಲ್ಲಿ ಆಲ್ಟೊ ಎಂಬ ಕಂಪ್ಯೂಟರ್ ಮಾಡಿದರು. ಮೇಜಿನ ಮೇಲೆ ಕಾಗದಗಳು ಒಂದರ ಮೇಲೊಂದು ಬಿದ್ದಿರುವಂತೆ ಪರದೆಯ ಮೇಲೆ ಕಿಟಕಿಗಳನ್ನು ಇಡುವ ಕಲೆ ಅದರ ಮೇಲೆಯೇ ಬೆಳೆಯಿತು. 1984ರಲ್ಲಿ ಆಪಲ್‌ನ ಮ್ಯಾಕಿಂತೋಷ್ ಇದನ್ನು ಜನರ ಕೈಗೆ ಕೊಟ್ಟಿತು. ಮೈಕ್ರೋಸಾಫ್ಟ್ 1985ರ ನವೆಂಬರಿನಲ್ಲಿ ವಿಂಡೋಸ್ 1.0 ತಂದಾಗ ಅದರಲ್ಲಿ ಕಿಟಕಿಗಳು ನೆಲದ ಟೈಲ್ಸಿನಂತೆ ಅಕ್ಕಪಕ್ಕ ಮಾತ್ರ. ಒಂದರ ಮೇಲೊಂದು ಏರುವಂತಿಲ್ಲ, ಒಂದು ಹಿಗ್ಗಿದರೆ ಪಕ್ಕದ್ದು ಕುಗ್ಗಬೇಕು. ಪೂರ್ತಿ ಹಿಗ್ಗಿಸುವ ಸೌಲಭ್ಯ ಇತ್ತು, ಆದರೆ ಅದರ ಹೆಸರು ಝೂಮ್.

1987ರ ಡಿಸೆಂಬರಿನಲ್ಲಿ ಬಂದ ವಿಂಡೋಸ್ 2.0ರಲ್ಲಿ ಕಿಟಕಿಗಳು ಒಂದರ ಮೇಲೊಂದು ಕೂತವು. ಮ್ಯಾಕ್ಸಿಮೈಸ್, ಮಿನಿಮೈಸ್ ಎಂಬ ಹೆಸರುಗಳೂ ಆಗಲೇ ಬಂದವು. ಮುಂದಿನ ಮಾರ್ಚಿನಲ್ಲೇ ಆಪಲ್ ಕೋರ್ಟಿಗೆ ಹೋಯಿತು, ನಮ್ಮ ಪರದೆಯ ರೂಪ ಕದ್ದಿದ್ದಾರೆ ಅಂತ! ಒಂದರ ಮೇಲೊಂದು ಕೂರುವ ಕಿಟಕಿಗಳೂ ದೂರಿನ ಪಟ್ಟಿಯಲ್ಲಿದ್ದವು. 1994ರ ಮೇಲ್ಮನವಿ ತೀರ್ಪಿನಲ್ಲೂ ಆಪಲ್‌ಗೆ ಗೆಲುವು ಸಿಗಲಿಲ್ಲ.

ಈಗ ನಮ್ಮ ಬಟನ್ನಿಗೆ ಬರೋಣ. ಕಿಟಕಿಯನ್ನು ಮ್ಯಾಕ್ಸಿಮೈಸ್ ಮಾಡಿದಾಗ ವಿಂಡೋಸ್ ಅದರ ಹಳೆಯ ಜಾಗ, ಹಳೆಯ ಅಳತೆಗಳನ್ನು ಅಳಿಸುವುದಿಲ್ಲ. ಸಸ್ಪೆನ್ಸ್ ಖಾತೆಯಲ್ಲಿ ಇಟ್ಟ ಮೊತ್ತದಂತೆ ಬೇರೆಯೇ ಒಂದು ಕಡೆ ಬರೆದಿಡುತ್ತದೆ. ರಿಸ್ಟೋರ್ ಒತ್ತಿದ ತಕ್ಷಣ ಅಲ್ಲಿಂದ ತೆಗೆದು ಜಮಾ! ಕಿಟಕಿಯ ಅಂಚುಗಳು ಪರದೆಯಿಂದ ಕೂದಲೆಳೆಯಷ್ಟು ಹೊರಗೆ ಹೋಗಿ ನಿಲ್ಲುತ್ತವೆ. ಮೌಸ್‌ಗೆ ಅಂಚೇ ಸಿಗುವುದಿಲ್ಲ, ಆದ್ದರಿಂದ ಅಳತೆ ಬದಲಿಸಲು ಬರುವುದಿಲ್ಲ. ವಿಂಡೋಸ್ ಎಕ್ಸ್‌ಪಿ ಬಳಸಿದವರು ನೆನಪು ಮಾಡಿಕೊಳ್ಳಿ. ಆಲ್ಟ್ ಮತ್ತು ಸ್ಪೇಸ್ ಒತ್ತಿದಾಗ ಬರುವ ಪಟ್ಟಿಯಲ್ಲಿ ಮೂವ್, ಸೈಜ್ ಎರಡೂ ಮಂಕಾಗಿರುತ್ತಿದ್ದವು. ಶೀರ್ಷಿಕೆ ಪಟ್ಟಿ ಹಿಡಿದು ಎಷ್ಟು ಎಳೆದರೂ ಕಿಟಕಿ ಜಪ್ಪಯ್ಯ ಅನ್ನುತ್ತಿರಲಿಲ್ಲ.

ಎರಡು ಮಾನಿಟರ್ ಇಟ್ಟುಕೊಂಡವರಿಗೆ ಇದು ದೊಡ್ಡ ತಲೆನೋವು. ಈ ಪರದೆಯಲ್ಲಿ ತುಂಬಿ ಕೂತ ಎಕ್ಸೆಲ್ ಹಾಳೆಯನ್ನು ಆ ಪರದೆಗೆ ಕಳಿಸಬೇಕಾದರೆ ಮೊದಲು ಚಿಕ್ಕದು ಮಾಡು, ಎಳೆ, ಮತ್ತೆ ದೊಡ್ಡದು ಮಾಡು... 2009ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 7 ಈ ಬೀಗ ತೆಗೆಯಿತು. ಶೀರ್ಷಿಕೆ ಪಟ್ಟಿ ಹಿಡಿದು ಕೆಳಗೆ ಎಳೆದರೆ ಕಿಟಕಿ ತನ್ನ ಹಳೆಯ ಅಳತೆಗೆ ಇಳಿದು ಮೌಸಿನ ಹಿಂದೆ ಬರುತ್ತದೆ. ಮೇಲಂಚಿಗೆ ತಗುಲಿಸಿದರೆ ಮತ್ತೆ ತುಂಬಿಕೊಳ್ಳುತ್ತದೆ. ಪಕ್ಕಕ್ಕೆ ತಗುಲಿಸಿದರೆ ಅರ್ಧ ಪರದೆ. ಅಂದರೆ ಮ್ಯಾಕ್ಸಿಮೈಸ್ ಆದ ಕಿಟಕಿಗೂ ಹಿಡಿಕೆ ಬಂತು. ಗಮನಿಸಿದಿರಾ, 1985ರ ಟೈಲ್ಸ್ ಕೂಡ ಹಿಂಬಾಗಿಲಿನಿಂದ ವಾಪಸ್ ಬಂತು :-)

ಫುಲ್ ಸ್ಕ್ರೀನ್ ಇದೇ ಅಲ್ಲವೇ ಎಂದು ಹಲವರು ಕೇಳುತ್ತಾರೆ. ಅಲ್ಲ. ಮ್ಯಾಕ್ಸಿಮೈಸ್ ಆದ ಕಿಟಕಿ ಬಾಡಿಗೆದಾರನಂತೆ. ಇಡೀ ಹಾಲ್ ಬಳಸಿದರೂ ಮಾಲೀಕರ ಟಾಸ್ಕ್‌ಬಾರ್ ಮುಟ್ಟುವುದಿಲ್ಲ, ಶೀರ್ಷಿಕೆ ಪಟ್ಟಿ ಹೊರಗೇ ಇರುತ್ತದೆ. ಫುಲ್ ಸ್ಕ್ರೀನ್‌ನಲ್ಲಿ ಎರಡೂ ಮಾಯ. ಹಿಡಿಯುವುದಕ್ಕೇ ಏನೂ ಇಲ್ಲದ ಮೇಲೆ ಎಳೆಯುವುದು ಏನನ್ನು? ಎಟಿಎಂನಲ್ಲಿ ಹೀಗಿರುವುದೇ ಸರಿ, ಗ್ರಾಹಕ ಆ ಪ್ರೋಗ್ರಾಮ್ ಬಿಟ್ಟು ಹೊರಗೆ ಹೋಗಬಾರದು. ಸಿನಿಮಾ ನೋಡುವಾಗಲೂ ಸರಿ.

ತೊಂದರೆ ಬಂದದ್ದು ಬ್ರೌಸರಿನಲ್ಲಿ. ಕೋರ್ ಬ್ಯಾಂಕಿಂಗ್ ಬಂದ ಮೇಲೆ ಲೆಡ್ಜರ್ ಶಾಖೆ ಬಿಟ್ಟು ದೂರದ ಡೇಟಾ ಸೆಂಟರಿಗೆ ಹೋಯಿತು. (ಸ್ಟೇಟ್ ಬ್ಯಾಂಕಿನ ಐಟಿ ಕೇಂದ್ರ ನಮ್ಮ ನವಿ ಮುಂಬಯಿಯ ಬೇಲಾಪುರದಲ್ಲೇ ಇದೆ.) ಗ್ರಾಹಕರೂ ನೆಟ್ ಬ್ಯಾಂಕಿಂಗಿಗೆ ಬಂದರು, ಅವರ ಪಾಲಿಗೆ ಬ್ರೌಸರಿನ ಕಿಟಕಿಯೇ ಬ್ಯಾಂಕಾಯಿತು. 2011-12ರ ಸುಮಾರಿಗೆ, ವಿಡಿಯೋ ನೋಡಲು ಅನುಕೂಲ ಆಗಲಿ ಅಂತ, ವೆಬ್ ಪುಟಗಳೇ ಫುಲ್ ಸ್ಕ್ರೀನ್ ಆಗುವ ಅವಕಾಶವನ್ನು ಬ್ರೌಸರುಗಳು ಕೊಟ್ಟವು. 2012ರ ಅಕ್ಟೋಬರಿನಲ್ಲೇ ಫೆರೋಸ್ ಅಬೂಖಡಿಜೆ ಎಂಬ ತಂತ್ರಜ್ಞ ಇದರ ಅಪಾಯ ಮಾಡಿ ತೋರಿಸಿದ. ಬ್ಯಾಂಕಿನ ಲಿಂಕ್ ಒತ್ತಿದರೆ ಪುಟ ಇಡೀ ಪರದೆ ಆವರಿಸಿ, ಮೇಲುಗಡೆ ನಕಲಿ ಬ್ರೌಸರಿನ ಚಿತ್ರವನ್ನೇ ಬರೆಯುತ್ತಿತ್ತು. ಅದರಲ್ಲಿ ಅಸಲಿಯಂತೆ ಕಾಣುವ ಬ್ಯಾಂಕ್ ಆಫ್ ಅಮೆರಿಕದ ವಿಳಾಸ, ಬೀಗದ ಗುರುತು ಎಲ್ಲವೂ!

"ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಫೋನ್ ಮಾಡಿ" ಎಂದು ಕಿರುಚುವ ಪುಟಗಳೂ ಇದೇ ಜಾತಿಯವು. ಗಾಬರಿಯಲ್ಲಿ ಫೋನ್ ಮಾಡಿ, ರಿಮೋಟ್ ಆ್ಯಪ್ ಹಾಕಿಕೊಂಡು, ಎಫ್‌ಡಿ ಮುರಿಸಲು ಕೌಂಟರಿಗೆ ಬಂದ ಹಿರಿಯರನ್ನು ನಾನು ನೋಡಿದ್ದೇನೆ. ಮಕ್ಕಳು ಪುಣೆಯಲ್ಲೋ ಅಮೆರಿಕದಲ್ಲೋ, ಮನೆಯಲ್ಲಿ ಇವರಿಬ್ಬರೇ. ಕೆಲವರನ್ನು ತಡೆಯಲು ಆಗುತ್ತದೆ, ಕೆಲವರು ಮನೆಯಿಂದಲೇ ಕಳಿಸಿಬಿಟ್ಟಿರುತ್ತಾರೆ. ಅಲ್ಲಿ ಕಂಪ್ಯೂಟರ್ ಲಾಕ್ ಆಗಿರುವುದೇ ಇಲ್ಲ. ಒಂದು ಪುಟ ಹಿಡಿಕೆ ಬಚ್ಚಿಟ್ಟಿರುತ್ತದೆ, ಅಷ್ಟೇ.

ಆದ್ದರಿಂದ ಊರಿನಲ್ಲಿರುವ ಅಪ್ಪ ಅಮ್ಮನಿಗೆ ಇಷ್ಟು ಹೇಳಿಕೊಡಿ. ಎಸ್ಕೇಪ್ ಕೀಲಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಆಗದಿದ್ದರೆ ಆಲ್ಟ್ ಮತ್ತು ಎಫ್4. ಅದೂ ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ಮುಚ್ಚಿ. ಮತ್ತೆ ತೆರೆದಾಗ "ಹಳೆಯ ಪುಟ ಬೇಕೇ?" ಎಂದು ಕೇಳಿದರೆ ಬೇಡ ಅನ್ನಿ. ಪರದೆಯಲ್ಲಿ ಕಂಡ ನಂಬರಿಗೆ ಯಾವ ಕಾರಣಕ್ಕೂ ಫೋನ್ ಬೇಡ. ದುಡ್ಡು ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930.

ಅನುಮಾನ ಬಂದಾಗ ಇನ್ನೊಂದು ಪರೀಕ್ಷೆ: ಪಾಸ್‌ವರ್ಡ್ ಹಾಕುವ ಮೊದಲು ಶೀರ್ಷಿಕೆ ಪಟ್ಟಿ ಹಿಡಿದು ಕಿಟಕಿಯನ್ನು ಒಮ್ಮೆ ಎಳೆದು ನೋಡಿ. ಜಾಗ ಬಿಟ್ಟು ಕದಲದಿದ್ದರೆ, ಅಥವಾ ಪುಟದ ಅಂಚು ದಾಟಿ ಆಚೆ ಬರದಿದ್ದರೆ, ಅದು ಬರೀ ಚಿತ್ರ ಇರಬಹುದು. ಅಲ್ಲಿ ಏನನ್ನೂ ಟೈಪ್ ಮಾಡಬೇಡಿ.

ನಿಮ್ಮ ಕಡೆಯೂ ಇಂಥದ್ದು ನಡೆದಿದೆಯೇ? ಬರೆದು ತಿಳಿಸಿ, ಇನ್ನೊಬ್ಬರಿಗೆ ಉಪಯೋಗವಾದೀತು.