ವಿಷಯದ ಸಾಲಿನಲ್ಲಿ ದೊಡ್ಡಬಳ್ಳಾಪುರ: ಇಮೇಲ್ ತಂತ್ರಾಂಶ, ನ್ಯೂಸ್‌ಗ್ರೂಪ್ ಮತ್ತು ಕನ್ನಡ ಲಿಪಿ

2024ರ ಫೆಬ್ರವರಿ 22ರಂದು ಗೂಗಲ್ ಗ್ರೂಪ್ಸ್ ಯೂಸ್‌ನೆಟ್ ಎಂಬ ಹಳೆಯ ಚರ್ಚಾಜಾಲದ ಹೊಸ ಬರಹಗಳನ್ನು ಪಡೆಯುವುದನ್ನೂ ಅಲ್ಲಿಗೆ ಕಳುಹಿಸುವುದನ್ನೂ ನಿಲ್ಲಿಸಿತು. ಹಳೆಯ ಬರಹಗಳನ್ನು ಅಲ್ಲಿ ಈಗಲೂ ಓದಬಹುದು, ಬರೆಯಲು ಆಗದು. ಹೀಗಾಗಿ ಇಪ್ಪತ್ತು ವರ್ಷಗಳಿಂದ ಬ್ರೌಸರ್ ಮೂಲಕವೇ ಅದರ ಚರ್ಚಾಗುಂಪುಗಳನ್ನು, ಅಂದರೆ ನ್ಯೂಸ್‌ಗ್ರೂಪ್‌ಗಳನ್ನು, ನೋಡುತ್ತಿದ್ದವರಿಗೆ ಹಳೆಯ ದಾರಿಯೇ ಮತ್ತೆ ಗತಿಯಾಯಿತು: ಇಮೇಲ್ ತಂತ್ರಾಂಶದಲ್ಲಿ ನ್ಯೂಸ್ ಸರ್ವರ್‌ಗೆ ಒಂದು ಖಾತೆ ತೆರೆದು ಓದುವುದು, ಬರೆಯುವುದು. ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ಕೈಪಿಡಿಗಳಿಗೆ ಕೊರತೆಯಿಲ್ಲ. ಆದರೆ ಅವು ಸರ್ವರ್ ವಿಳಾಸ, ಪೋರ್ಟ್ ಸಂಖ್ಯೆ, ಪಾಸ್‌ವರ್ಡ್ ಹೇಳಿ ಮುಗಿಸಿಬಿಡುತ್ತವೆ. ಕನ್ನಡದಲ್ಲಿ ಬರೆಯುವವನಿಗೆ ನಿಜವಾದ ತೊಡಕು ಶುರುವಾಗುವುದೇ ಅಲ್ಲಿಂದ ಮುಂದೆ ಎಂಬುದು ಈ ಲೇಖನದ ವಾದ. ಪರೀಕ್ಷೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ತಾಲ್ಲೂಕುಗಳ ಹೆಸರುಗಳನ್ನೇ ಇಟ್ಟುಕೊಂಡಿದ್ದೇನೆ. ಒತ್ತಕ್ಷರ, ದೀರ್ಘ, ಅನುಸ್ವಾರ ಎಲ್ಲವೂ ಅವುಗಳಲ್ಲಿವೆ.

ಮೊದಲು ಹಿನ್ನೆಲೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲಿಸ್ 1979ರಲ್ಲಿ ಕಲ್ಪಿಸಿದ ಯೂಸ್‌ನೆಟ್‌ನಲ್ಲಿ ಒಂದು ಕೇಂದ್ರ ಕಂಪ್ಯೂಟರ್ ಎಂಬುದಿಲ್ಲ. ಒಬ್ಬರು ಬರೆದದ್ದು ಅವರ ಸರ್ವರ್‌ನಿಂದ ನೆರೆಯ ಸರ್ವರ್‌ಗೆ, ಅಲ್ಲಿಂದ ಮತ್ತೊಂದಕ್ಕೆ ನಕಲಾಗುತ್ತ ಸಾಗುತ್ತದೆ. 1986ರ ಫೆಬ್ರವರಿಯಲ್ಲಿ ಪ್ರಕಟವಾದ, ಇಂಟರ್ನೆಟ್ ನಿಯಮಗಳ ದಾಖಲೆ ಸರಣಿಯ ಆರ್‌ಎಫ್‌ಸಿ 977 ಈ ಸಾಗಾಟಕ್ಕೆ ಎನ್‌ಎನ್‌ಟಿಪಿ ಎಂಬ ನಿಯಮಾವಳಿ ಕೊಟ್ಟಿತು. 2006ರ ಆರ್‌ಎಫ್‌ಸಿ 3977 ಅದನ್ನು ಪರಿಷ್ಕರಿಸಿತು. ಭಾರತದಲ್ಲಿ ಇದೇ 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ಶಿಕ್ಷಣ-ಸಂಶೋಧನಾ ಜಾಲ ಯೋಜನೆಯ ಮೊದಲ ಪಾಲುದಾರ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ.

ಕನ್ನಡಿಗರ ಪಾಲಿಗೆ ಇದ್ದ ಮನೆ 'ಸಾಕ್.ಕಲ್ಚರ್.ಇಂಡಿಯನ್.ಕರ್ನಾಟಕ' ಎಂಬ ಗುಂಪು. ಅಲ್ಲಿ ಕನ್ನಡ ಬರೆಯಬೇಕೆಂದರೆ ರೋಮನ್ ಅಕ್ಷರವೇ ಗತಿ. ಯೂಸ್‌ನೆಟ್ ಹುಟ್ಟಿದ್ದೇ ಏಳು ಬಿಟ್‌ಗಳ ಆಸ್ಕಿ ಲೋಕದಲ್ಲಿ. ದೊಡ್ಡ ಎನ್ ಹಾಕಿದರೆ ಣ, ಚಿಕ್ಕದಾದರೆ ನ. ದೊಡ್ಡ ಎಲ್ ಆದರೆ ಳ. ದೀರ್ಘಕ್ಕೆ ಎ ಅಕ್ಷರ ಎರಡು ಸಲ. ಅವಿನಾಶ್ ಚೋಪ್ಡೆಯವರ ಐಟ್ರಾನ್ಸ್‌ನಂಥ ಪದ್ಧತಿಗಳು ಇದಕ್ಕೊಂದು ಶಿಸ್ತು ತಂದವು, ಆದರೆ ಅವಸರದಲ್ಲಿ ಬರೆಯುವವರು ಶಿಸ್ತು ಪಾಲಿಸಬೇಕಲ್ಲ! ಒಂದೇ 'ಹಳ್ಳಿ'ಯನ್ನು ನಾಲ್ಕು ಬಗೆಯಲ್ಲಿ ಬರೆಯಲು ಅವಕಾಶವಿತ್ತು, ಬರೆಯುತ್ತಲೂ ಇದ್ದರು.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿತ್ತು. ಇಂಗ್ಲಿಷೇತರ ಅಕ್ಷರಗಳನ್ನು ಇಮೇಲ್‌ನಲ್ಲಿ ಕಳುಹಿಸುವ ಮೈಮ್ ನಿಯಮಗಳು ಬಂದದ್ದು 1992ರಲ್ಲಿ. ಅಂದರೆ ಕಾಗದದ ಮೇಲೆ ಎಲ್ಲವೂ ಸಿದ್ಧವಿತ್ತು. ಆದರೆ ಮನೆಯ ಕಂಪ್ಯೂಟರ್‌ನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಮೂಡಲು 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ ಜೊತೆಗೆ ಬಂದ 'ತುಂಗಾ' ಫಾಂಟ್‌ವರೆಗೆ ಕಾಯಬೇಕಾಯಿತು. ಅದರ ಆಸುಪಾಸಿನ ವರ್ಷಗಳಲ್ಲಿ ಬರಹ, ನುಡಿ ತಂತ್ರಾಂಶಗಳ ಫಾಂಟ್ ಆಧಾರಿತ ಕನ್ನಡ ಕಚೇರಿಗಳನ್ನೂ ಮುದ್ರಣಾಲಯಗಳನ್ನೂ ಆಳಿತು. ಅದೇ ಫಾಂಟ್ ಇಲ್ಲದ ಯಂತ್ರದಲ್ಲಿ ಆ ಕನ್ನಡ ಯೂರೋಪಿನ ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತಿದ್ದುದರಿಂದ ನ್ಯೂಸ್‌ಗ್ರೂಪಿಗೆ ಅದು ಒಗ್ಗಲಿಲ್ಲ. ಲಿಪಿ ಬಂದ ಹೊತ್ತಿಗೆ ಜನ ಬೇರೆಡೆಗೆ ಹೊರಟಿದ್ದರು. ಕನ್ನಡ ನ್ಯೂಸ್‌ಗ್ರೂಪ್ ಎಂಬುದು ಲಿಪಿಯಲ್ಲಿ ಬೆಳೆಯದೇ ಹೋದದ್ದಕ್ಕೆ ಭಾಷಾಭಿಮಾನದ ಕೊರತೆಯನ್ನು ಹೊಣೆಮಾಡುವವರುಂಟು. ನನಗದು ಒಪ್ಪಿಗೆಯಿಲ್ಲ. ತಪ್ಪಿದ್ದು ಹತ್ತು ವರ್ಷಗಳ ಹೊಂದಾಣಿಕೆ.

ಈಗ ಖಾತೆಯ ವಿಚಾರ. ಮೊಜಿಲ್ಲಾದ ಥಂಡರ್‌ಬರ್ಡ್‌ನಲ್ಲಿ ಇಮೇಲ್ ಖಾತೆಯ ಪಕ್ಕದಲ್ಲೇ ನ್ಯೂಸ್‌ಗ್ರೂಪ್ ಖಾತೆ ಸೇರಿಸುವ ಆಯ್ಕೆ ಇದೆ. ಹೆಸರು, ಇಮೇಲ್, ಸರ್ವರ್ ವಿಳಾಸ ಕೇಳುತ್ತದೆ. ಗುಪ್ತೀಕರಣವಿಲ್ಲದ ಸಂಪರ್ಕಕ್ಕೆ ಪೋರ್ಟ್ 119, ಗುಪ್ತೀಕರಣದೊಂದಿಗೆ 563. ಎಟರ್ನಲ್ ಸೆಪ್ಟೆಂಬರ್‌ನಂಥ ಉಚಿತ ಸರ್ವರ್‌ನಲ್ಲಿ ಮೊದಲು ಹೆಸರು ನೋಂದಾಯಿಸಬೇಕು. 'ಪ್ರತಿ ಸಲವೂ ದೃಢೀಕರಣ ಕೇಳು' ಎಂಬ ಗುರುತನ್ನು ಹಾಕದಿದ್ದರೆ ಸರ್ವರ್ 480 ಎಂಬ ಸಂಕೇತ ಕೊಟ್ಟು ಬಾಗಿಲು ಹಾಕಿಕೊಳ್ಳಬಹುದು. ಬರೆದದ್ದನ್ನು ಕಳುಹಿಸುವಾಗ ಸರ್ವರ್ 340 ಎಂದರೆ 'ಕಳುಹಿಸು', 240 ಎಂದರೆ 'ಬಂತು', 441 ಎಂದರೆ 'ಆಗಲಿಲ್ಲ'. ಗುಂಪಿನಲ್ಲಿ ಬರೆದದ್ದನ್ನು ಜಗತ್ತೇ ನೋಡುವುದರಿಂದ ಇಮೇಲ್ ವಿಳಾಸದ ಜಾಗದಲ್ಲಿ '.ಇನ್‌ವ್ಯಾಲಿಡ್' ಎಂದು ಕೊನೆಯಾಗುವ ಹುಸಿ ವಿಳಾಸ ಕೊಡುವ ರೂಢಿ ಹಳೆಯದು. ಆ ಕೊನೆಯನ್ನು 1999ರ ಆರ್‌ಎಫ್‌ಸಿ 2606 ಇಂಥದ್ದಕ್ಕೆಂದೇ ಕಾಯ್ದಿರಿಸಿದೆ. ಎಚ್‌ಟಿಎಂಎಲ್ ರೂಪದಲ್ಲಿ ಬರೆಯುವ ಆಯ್ಕೆಯನ್ನು ತೆಗೆದು ಸಾದಾ ಪಠ್ಯ ಇಟ್ಟುಕೊಳ್ಳುವುದು ಕಡ್ಡಾಯವೆಂದೇ ತಿಳಿಯಬೇಕು.

ಇಷ್ಟಾದ ಮೇಲೆ ವಿಷಯದ ಸಾಲಿಗೆ ಬರೋಣ. ಬರಹದ ಒಡಲಲ್ಲಿ ಯೂನಿಕೋಡ್‌ನ ಯುಟಿಎಫ್-8 ರೂಪದ ಕನ್ನಡ ನೇರವಾಗಿ ಹೋಗಬಹುದು, ವಿಷಯದ ಸಾಲಿರುವ ಹೆಡರ್‌ನಲ್ಲಿ ಹೋಗುವಂತಿಲ್ಲ. 1996ರ ಆರ್‌ಎಫ್‌ಸಿ 2047ರ ಪ್ರಕಾರ ಅದನ್ನು ಆಸ್ಕಿ ಅಕ್ಷರಗಳಾಗಿ ಸಂಕೇತಿಸಬೇಕು, ಮತ್ತು ಅಂಥ ಸಂಕೇತವಿರುವ ಹೆಡರ್ ಸಾಲು 76 ಅಕ್ಷರ ಮೀರಬಾರದು. ಕನ್ನಡದ ಪ್ರತಿಯೊಂದು ಯೂನಿಕೋಡ್ ಘಟಕಕ್ಕೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು. 'ದೊಡ್ಡಬಳ್ಳಾಪುರ' ಎಂಬಲ್ಲಿ ಸ್ವರಚಿಹ್ನೆ, ವಿರಾಮ ಸೇರಿ 13 ಘಟಕಗಳು, ಅಂದರೆ 39 ಬೈಟ್. ಬೇಸ್64ಕ್ಕೆ ತಿರುಗಿಸಿದರೆ 52 ಅಕ್ಷರ. ಇದಕ್ಕೆ ಸಂಕೇತದ ಹೊದಿಕೆ 12, ಸಾಲಿನ ಆರಂಭದ 'ಸಬ್ಜೆಕ್ಟ್' ಎಂಬ ಹೆಸರು, ಅದರ ಮುಂದಿನ ಚಿಹ್ನೆ ಹಾಗೂ ಖಾಲಿ ಜಾಗ 9. ಒಟ್ಟು 73. ಊರಿನ ಹೆಸರು ಸಾಲಿನಲ್ಲಿ ಹಿಡಿಸಿತು. 'ದೊಡ್ಡಬಳ್ಳಾಪುರದ ಮಗ್ಗ' ಎಂದು ಬರೆಯಹೊರಟರೆ ಷಷ್ಠಿಯ 'ದ' ಸೇರಿದೊಡನೆ 77 ಆಗುತ್ತದೆ. ಆ 'ದ' ಮುಂದಿನ ಸಾಲಿಗೆ ಹೋಗಲೇಬೇಕು. ಯಾರಾದರೂ ಉತ್ತರ ಬರೆದಾಗ ಮುಂದೆ 'ರೀ:' ಬರುತ್ತದೆ, ಅದಕ್ಕೆ ಇನ್ನೂ 4 ಅಕ್ಷರ; ಆಗ ಮೊದಲ ಸಾಲಿಗೆ ಹಿಡಿಸುವುದು 12 ಘಟಕ ಮಾತ್ರ, ಊರಿನ ಕೊನೆಯ 'ರ' ಕೂಡ ಕೆಳಗಿಳಿಯುತ್ತದೆ.

ಸಾಲು ಮುರಿಯುವುದರಿಂದಲೇ ತೊಂದರೆಯಿಲ್ಲ; ಓದುವ ತಂತ್ರಾಂಶ ತುಂಡುಗಳನ್ನು ಜೋಡಿಸಿಕೊಳ್ಳುತ್ತದೆ. ತೊಂದರೆ ಬರುವುದು ಬರೆಯುವ ತಂತ್ರಾಂಶ ಅಕ್ಷರದ ಗಡಿ ನೋಡದೆ ಬೈಟ್ ಎಣಿಸಿ ಕತ್ತರಿಸಿದಾಗ. 39 ಎಂಬುದು 3ರಿಂದ ಭಾಗವಾಗುವ ಸಂಖ್ಯೆಯಾದ್ದರಿಂದ ನಡುವೆ ಖಾಲಿ ಜಾಗವಿಲ್ಲದ ಶುದ್ಧ ಕನ್ನಡ ಅದೃಷ್ಟವಶಾತ್ ಸರಿಯಾದ ಜಾಗದಲ್ಲೇ ತುಂಡಾಗುತ್ತದೆ. ಖಾಲಿ ಜಾಗ ಒಂದೇ ಬೈಟ್. ಅದು ಬಂದೊಡನೆ ಲೆಕ್ಕ ತಪ್ಪುತ್ತದೆ. 'ಹೊಸಕೋಟೆ ಸಂತೆಯ ದರ' ಎಂಬ ವಿಷಯವನ್ನು ತೆಗೆದುಕೊಳ್ಳಿ. ಹೊಸಕೋಟೆಗೆ 21, ಖಾಲಿ ಜಾಗಕ್ಕೆ 1, 'ಸಂತೆಯ'ಕ್ಕೆ 15, ಮತ್ತೊಂದು ಖಾಲಿ ಜಾಗಕ್ಕೆ 1: ಒಟ್ಟು 38. ಮೂವತ್ತೊಂಬತ್ತನೆಯ ಬೈಟ್‌ನಲ್ಲಿ ಕತ್ತರಿ ಬಿದ್ದರೆ 'ದ' ಅಕ್ಷರದ ಮೂರನೇ ಒಂದು ಭಾಗ ಮೇಲಿನ ಸಾಲಿನಲ್ಲಿ, ಉಳಿದದ್ದು ಕೆಳಗೆ. ಓದುಗನ ಪರದೆಯಲ್ಲಿ 'ದರ' ಇರಬೇಕಾದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹೊತ್ತ ಚೌಕಗಳು, ಆಮೇಲೊಂದು ಒಂಟಿ 'ರ'. ಹಲವು ಬೈಟ್‌ಗಳ ಅಕ್ಷರ ಹೀಗೆ ಎರಡು ತುಂಡಿನಲ್ಲಿ ಹಂಚಿಹೋಗಬಾರದೆಂದು ಆರ್‌ಎಫ್‌ಸಿ 2047 ಸ್ಪಷ್ಟವಾಗಿಯೇ ಹೇಳುತ್ತದೆ. ಹೊಸ ತಂತ್ರಾಂಶವನ್ನು ಮೊದಲ ಸಲ ಬಳಸುವವರು ಪರೀಕ್ಷೆಗೆಂದೇ ಇರುವ ಗುಂಪಿನಲ್ಲಿ ಇಂಥ ಎರಡು-ಮೂರು ಪದಗಳ ವಿಷಯ ಹಾಕಿ ನೋಡುವುದು ಒಳ್ಳೆಯದು. ಒಂಟಿ ಪದ ಹಾಕಿದರೆ ದೋಷ ಹೊರಬೀಳದು.

ಒಡಲಿನ ಮಾತು ಚಿಕ್ಕದು. ಎಂಟು ಬಿಟ್‌ಗಳಲ್ಲಿ ನೇರವಾಗಿ ಹೋದರೆ 'ಬೆಂಗಳೂರು' 24 ಬೈಟ್. ಕೋಟೆಡ್-ಪ್ರಿಂಟಬಲ್ ವಿಧಾನದಲ್ಲಿ ಅದೇ 72 ಅಕ್ಷರವಾಗಿ ಹೆಚ್ಚುಕಡಿಮೆ ಒಂದಿಡೀ ಸಾಲನ್ನೇ ನುಂಗುತ್ತದೆ. ಥಂಡರ್‌ಬರ್ಡ್‌ನ ಆಳದ ಸೆಟ್ಟಿಂಗ್‌ಗಳಲ್ಲಿರುವ 'ಸ್ಟ್ರಿಕ್ಟ್ಲಿ ಮೈಮ್' ಎಂಬುದನ್ನು ಹಾಗೇ ಬಿಟ್ಟರೆ ಮೊದಲ ವಿಧಾನವೇ ಉಳಿಯುತ್ತದೆ. ಈಗಿನ ಫೈಬರ್ ಕಾಲದಲ್ಲಿ ಇದರ ಲೆಕ್ಕ ಯಾರಿಗೆ ಬೇಕು ಎನ್ನಬಹುದು. ದೊಡ್ಡಬಳ್ಳಾಪುರ, ಹೊಸಕೋಟೆಗಳಿಗೆ ಬೆಂಗಳೂರಿನ 080 ಅಲ್ಲದೆ ಬೇರೆ ಎಸ್‌ಟಿಡಿ ಕೋಡ್ ಇದ್ದ ಡಯಲ್-ಅಪ್ ದಿನಗಳಲ್ಲಿ ಬೇಕಿತ್ತು. ಆಗ ಸಂಪರ್ಕ ಪಡೆದು, ಬರಹಗಳನ್ನು ಇಳಿಸಿಕೊಂಡು, ಫೋನ್ ಇಟ್ಟ ಮೇಲೆ ನಿಧಾನವಾಗಿ ಓದುವುದೇ ಜಾಣತನ. ಇಳಿಸಿಟ್ಟುಕೊಂಡು ಓದುವ ಆ ಸೌಲಭ್ಯ ಥಂಡರ್‌ಬರ್ಡ್‌ನಲ್ಲಿ ಇಂದಿಗೂ ಇದೆ.

ಗುಂಪಿನ ಹೆಸರನ್ನೇ ಕನ್ನಡದಲ್ಲಿಡಲು ಆಗದೇ ಎಂಬ ಪ್ರಶ್ನೆಗೆ ನಿಯಮಗಳಲ್ಲೇ ಎರಡು ದನಿ ಇದೆ. ಸಾಗಾಟದ ನಿಯಮವಾದ ಆರ್‌ಎಫ್‌ಸಿ 3977 ಹೆಸರಿನಲ್ಲಿ ಯುಟಿಎಫ್-8 ಅಕ್ಷರಗಳಿಗೆ ಎಡೆ ಕೊಡುತ್ತದೆ. ಬರಹದ ರೂಪ ವಿಧಿಸುವ 2009ರ ಆರ್‌ಎಫ್‌ಸಿ 5536 ಆಸ್ಕಿ ಅಕ್ಷರ, ಅಂಕೆ ಮತ್ತು ಕೆಲವೇ ಚಿಹ್ನೆಗಳಿಗೆ ಸೀಮಿತಗೊಳಿಸುತ್ತದೆ. ರಸ್ತೆ ತೆರೆದಿದೆ, ಟೋಲ್‌ಗೇಟಿನಲ್ಲಿ ತಡೆ.

ಸಂಶೋಧಕರಿಗೆ ಹೆಚ್ಚು ಉಪಯೋಗ ಹಳೆಯ ಸಂಗ್ರಹದಿಂದ. ಇಂಟರ್ನೆಟ್ ಆರ್ಕೈವ್‌ನಲ್ಲಿ ಯೂಸ್‌ನೆಟ್ ಬರಹಗಳು ಎಂಬಾಕ್ಸ್ ಕಡತಗಳಾಗಿ ಸಿಗುತ್ತವೆ. ಅವನ್ನು ಥಂಡರ್‌ಬರ್ಡ್‌ಗೆ ಆಮದು ಮಾಡಿಕೊಂಡರೆ ಚರ್ಚೆಯ ಎಳೆಗಳು 'ರೆಫರೆನ್ಸಸ್' ಹೆಡರ್‌ನ ಆಧಾರದಲ್ಲಿ ತಾವಾಗಿ ಕೂಡಿಕೊಳ್ಳುತ್ತವೆ. 'ಪಾತ್' ಹೆಡರ್ ಬರಹ ದಾಟಿಬಂದ ಯಂತ್ರಗಳ ಸರಣಿಯನ್ನೂ 'ಆರ್ಗನೈಸೇಶನ್' ಹೆಡರ್ ಬರೆದವರು ಸೇರಿದ ಸಂಸ್ಥೆಯನ್ನೂ ತೋರಿಸುವುದರಿಂದ, ತೊಂಬತ್ತರ ದಶಕದಲ್ಲಿ ಕನ್ನಡಿಗರು ಎಲ್ಲೆಲ್ಲಿಂದ ಬರೆಯುತ್ತಿದ್ದರೆಂಬುದನ್ನು ವ್ಯಕ್ತಿಗಳ ಹೆಸರಿನ ಗೊಡವೆಗೆ ಹೋಗದೆ ಗುರುತಿಸಬಹುದು. ಹುಡುಕಾಟ ಮಾತ್ರ ಸುಲಭವಲ್ಲ. ರೋಮನ್ ಬರಹದ ನಾಲ್ಕು ಬಗೆಯ 'ಹಳ್ಳಿ' ಒಂದು ಕಡೆ. ಇನ್ನೊಂದು ಕಡೆ, ಯೂನಿಕೋಡ್ ಬರಹದಲ್ಲೂ 'ಹೊಸಕೋಟೆ'ಗೆ ಎರಡು ಕಾಗುಣಿತ ಸಾಧ್ಯ: ಕೂಡಿದ ರೂಪದಲ್ಲಿ 7 ಘಟಕ, ಒ ಮತ್ತು ಓ ಸ್ವರಚಿಹ್ನೆಗಳನ್ನು ಬಿಡಿಸಿದ ರೂಪದಲ್ಲಿ 10. ಕಣ್ಣಿಗೆ ಎರಡೂ ಒಂದೇ. ಬೈಟ್ ಹೋಲಿಸಿ ಹುಡುಕುವ ತಂತ್ರಾಂಶಕ್ಕೆ ಅವು ಬೇರೆ ಬೇರೆ ಊರು, ಆದ್ದರಿಂದ ಶೋಧಕ ಅಥವಾ ಸೋಸುವ ನಿಯಮ ಬರೆಯುವಾಗ ಎರಡನ್ನೂ ಕೊಡಬೇಕು.