ಬಸವಿಯ ಪಾಲು, ಬಸವಿಯ ಒಪ್ಪಿಗೆ: ಗುಡೇಕೋಟೆ ಸೀಮೆಯಲ್ಲಿ ಆಯ್ಕೆ ಮತ್ತು ಆಸ್ತಿಯ ಪ್ರಶ್ನೆ

ಬೇಡ ನಾಯಕರ ಪಾಳೆಯಪಟ್ಟಾಗಿದ್ದ, ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯನ್ನು ಹೊರಗಿನವರು ಇಂದು ಬಲ್ಲುದು ಕರಡಿಧಾಮದಿಂದ. ಒನಕೆ ಓಬವ್ವನ ತವರು ಇದೇ ಎಂಬ ಊರಿನವರ ನಂಬಿಕೆಯಿಂದ. ಈ ಲೇಖನ ನೋಡಹೊರಟಿರುವುದು ಚರಿತ್ರೆಯಲ್ಲಿ ಹೆಸರುಳಿಯದ ಹೆಣ್ಣುಮಕ್ಕಳತ್ತ. ಹಿಂದಿನ ಬಳ್ಳಾರಿ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳಲ್ಲಿ, ಅಂದರೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯ ಕಡೆ, ಬೇಡ ಮುಂತಾದ ಕೆಲವು ಸಮುದಾಯಗಳಲ್ಲಿ ಗಂಡು ಸಂತಾನವಿಲ್ಲದ ಮನೆ ಒಬ್ಬ ಮಗಳನ್ನು ಬಸವಿ ಬಿಡುತ್ತಿತ್ತು. ಗುಡಿಯಲ್ಲಿ ದೇವರ ಹೆಸರಲ್ಲಿ ತಾಳಿ ಕಟ್ಟಿಸಿಕೊಂಡ ಆ ಮಗಳು ತವರಲ್ಲೇ ಉಳಿಯುತ್ತಿದ್ದಳು. ಮನುಷ್ಯನೊಬ್ಬನ ಮಡದಿಯಾಗುವ ದಾರಿ ಅಲ್ಲಿಗೆ ಮುಚ್ಚಿಹೋಗುತ್ತಿತ್ತು.

ಪ್ರತಿಯಾಗಿ ಅವಳಿಗೆ ದೊರೆತದ್ದು ಕಡಿಮೆಯದೇನಲ್ಲ. ಮದ್ರಾಸ್ ಪ್ರಾಂತ್ಯದ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ 1890ರ ದಶಕದ ಆರಂಭದಲ್ಲಿ ಬಸವಿಯರ ಬಗ್ಗೆ ಪ್ರತ್ಯೇಕ ಲೇಖನವನ್ನೇ ಬರೆದ. ದೇವರಿಗೆ ಬಿಡುವುದರ ಮೂಲಕ ಗಂಡಸಿನ ಹಕ್ಕುಗಳನ್ನು ಪಡೆಯುವ ಹೆಂಗಸರು ಎಂಬುದು ಅವನ ನಿರೂಪಣೆಯ ಮುಖ್ಯ ಎಳೆ. 1904ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಸಿದ್ಧಪಡಿಸಿದ ಬಳ್ಳಾರಿ ಗ್ಯಾಸೆಟಿಯರ್ ಕೂಡ ಇದನ್ನೇ ಹೇಳುತ್ತದೆ: ಬಸವಿಗೆ ತಂದೆಯ ಆಸ್ತಿ ಸಲ್ಲುತ್ತದೆ, ಅವಳ ಮಕ್ಕಳು ತಾತನ ಮನೆತನ ಮುಂದುವರಿಸುತ್ತಾರೆ, ಆ ಮಕ್ಕಳಿಗೆ ಕಳಂಕವಿಲ್ಲ. ಗಂಡ ದೇವರಾದ್ದರಿಂದ ಅವಳಿಗೆ ವೈಧವ್ಯವೂ ಇಲ್ಲ. ಹಾಗಾಗಿ ಮದುವೆಮನೆಯ ಶುಭಕಾರ್ಯಗಳಲ್ಲಿ ಅವಳಿಗೆ ಮನ್ನಣೆ. ಸಂಗಾತಿಯನ್ನು ಅವಳೇ ಆರಿಸಿಕೊಳ್ಳಬಹುದಿತ್ತು. ತನಗಿಂತ ಕೆಳಜಾತಿಯವನಾಗಕೂಡದು ಎಂಬ ಕಟ್ಟೊಂದು ಮಾತ್ರ ಬಿಗಿಯಾಗಿತ್ತು. ಜಾತಿಯ ಬೇಲಿಯೊಳಗಿನ ಈ ಆಯ್ಕೆಯನ್ನು ಸ್ವಾತಂತ್ರ್ಯವೆಂದು ಕರೆದವರು ಬೇಲಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂದೇ ಹೇಳಬೇಕು.

ಆದರೂ ಅಂದಿನ ಇತರ ಹೆಣ್ಣುಮಕ್ಕಳ ಪಕ್ಕದಲ್ಲಿಟ್ಟು ನೋಡಿದರೆ ಬಸವಿಯ ಸ್ಥಾನ ಗಮನ ಸೆಳೆಯುತ್ತದೆ. ಗುಡೇಕೋಟೆಗೆ ನೆರೆಯ ಮೊಳಕಾಲ್ಮುರು ಮೈಸೂರು ಸಂಸ್ಥಾನದಲ್ಲಿತ್ತು. ಅಲ್ಲಿ 1933ರ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಅವಿವಾಹಿತ ಮಗಳಿಗೂ ಮನೆ ಪಾಲಾಗುವಾಗ ಒಂದು ಅಂಶ ಕೊಟ್ಟಿತು. ಗಡಿಯ ಈಚೆಗೆ, ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕೂಡ್ಲಿಗಿ ತಾಲ್ಲೂಕಿನಲ್ಲಿ, ಆ ಕಾಯ್ದೆಗೆ ಬೆಲೆಯಿರಲಿಲ್ಲ. ಇಲ್ಲಿ ಮಗಳು ಮಗನಂತೆ ಹೊಲದ ಒಡತಿಯಾಗಲು ಬಸವಿಯಾಗುವುದೇ ಬಳಕೆಯ ದಾರಿ. ಒಂದು ಸ್ವಾತಂತ್ರ್ಯವನ್ನು ಒತ್ತೆಯಿಟ್ಟು ಇನ್ನೊಂದನ್ನು ಬಿಡಿಸಿಕೊಳ್ಳುವ ಏರ್ಪಾಟು ಇದು. ಆದರೆ ಒತ್ತೆಯಿಡುತ್ತಿದ್ದದ್ದು ಅವಳಲ್ಲ, ಅವಳ ತಂದೆ.

ದೇವರಿಗೆ ಬಿಟ್ಟ ಮಗಳು ಮನೆಯ ಮಗನ ಸ್ಥಾನದಲ್ಲಿ ನಿಲ್ಲುವುದನ್ನು ಇತ್ತೀಚಿನ ಮಾನವಶಾಸ್ತ್ರಜ್ಞರೂ ಗುರುತಿಸಿದ್ದಾರೆ. ಉತ್ತರ ಕರ್ನಾಟಕದಲ್ಲಿ ದೇವಿಗೆ ಬಿಟ್ಟ ಜೋಗತಿಯರನ್ನು ಕುರಿತ ಲೂಸಿಂಡಾ ರಾಂಬರ್ಗ್ ಅವರ 2014ರ ಪುಸ್ತಕ ಈ ಮಹಿಳೆಯರನ್ನು ಬರೀ ಬಲಿಪಶುಗಳಾಗಿ ಕಾಣಲು ಒಪ್ಪುವುದಿಲ್ಲ. ದೇವಿಯೊಡನೆ ಅವರಿಗಿರುವ ಸಂಬಂಧವನ್ನು ನಿಜವಾದ ನೆಂಟಸ್ತಿಕೆಯೆಂದೇ ಪರಿಗಣಿಸುತ್ತದೆ. ಆ ವಾದಕ್ಕೆ ಬೆಲೆಯಿದೆ. ಆದರೆ ಕೂಡ್ಲಿಗಿ, ಹರಪನಹಳ್ಳಿಯ ಕೇರಿಗಳಿಗೆ ಅದನ್ನು ತಂದಾಗ ಬೇರೊಂದು ಪ್ರಶ್ನೆ ಏಳುತ್ತದೆ. ಹೊಲವಿದ್ದ ಮನೆಯಲ್ಲಿ ಮಗನ ಸ್ಥಾನವೆಂದರೆ ಭೂಮಿ. ಗೇಣು ನೆಲವೂ ಇಲ್ಲದ ದಲಿತ ಮನೆಯಲ್ಲಿ, ದೇವರಿಗೆ ಬಿಟ್ಟ ಗುರುತಾಗಿ ಮುತ್ತು ಕಟ್ಟಿಸಿಕೊಂಡ ಮಗಳಿಗೆ ಅದೇ ಸ್ಥಾನ ಏನು ಕೊಡುತ್ತದೆ? ಮುಪ್ಪಿನ ತಂದೆತಾಯಿಯರನ್ನು ಸಾಕುವ ಹೊಣೆ, ತಂಗಿಯ ಮದುವೆಯ ಖರ್ಚು, ಅಪ್ಪ ಮಾಡಿಟ್ಟ ಸಾಲ. ಫಾಸೆಟ್ ಕಂಡ ಗಂಡಸಿನ ಹಕ್ಕು ಇಲ್ಲಿ ಗಂಡಸಿನ ಹೊರೆಯಾಗಿ ಮಾತ್ರ ಉಳಿಯಿತು. ಇಪ್ಪತ್ತನೇ ಶತಮಾನದಲ್ಲಿ ಈ ಪದ್ಧತಿ ಬಹುಮಟ್ಟಿಗೆ ಭೂಹೀನ ದಲಿತ ಕುಟುಂಬಗಳಲ್ಲೇ ನೆಲೆಸಿದ್ದನ್ನು ಬರೀ ಮೂಢನಂಬಿಕೆಯೆಂದು ವಿವರಿಸಿದರೆ, ಮನೆಯ ಅನ್ನಕ್ಕಾಗಿ ಮಗಳನ್ನು ಮನೆಯಲ್ಲೇ ಉಳಿಸಿಕೊಳ್ಳುವ ಲೆಕ್ಕಾಚಾರ ಕಣ್ಣಿಗೆ ಬೀಳುವುದೇ ಇಲ್ಲ.

ಹೀಗೆ ದೇವರಿಗೆ ಬಿಡುವುದನ್ನು ತಡೆಯಲು ಕಾನೂನು ಎರಡು ಬಾರಿ ಬಂತು. 1947ರ ಮದ್ರಾಸ್ ದೇವದಾಸಿ ಕಾಯ್ದೆ ಈ ತಾಲ್ಲೂಕುಗಳಿಗೂ ಅನ್ವಯಿಸುತ್ತಿತ್ತು. 1953ರ ಅಕ್ಟೋಬರ್ 1ರಂದು ಇವು ಮೈಸೂರು ರಾಜ್ಯಕ್ಕೆ ಸೇರಿದವು. ಮತ್ತೆ 1982ರಲ್ಲಿ ಕರ್ನಾಟಕವೇ ಹೊಸ ನಿಷೇಧ ಕಾಯ್ದೆ ಮಾಡಿತು. ಮುತ್ತು ಕಟ್ಟುವುದು, ಹುಡುಗಿ ಒಪ್ಪಿದ್ದರೂ ಸರಿ, ಒಪ್ಪದಿದ್ದರೂ ಸರಿ, ಕಾನೂನುಬಾಹಿರ ಎಂದು ಅದು ಸಾರಿತು. ಅದಕ್ಕೆ ಮುಂದಾಗುವ ತಂದೆತಾಯಿ, ಬಂಧುಗಳಿಗೆ ಉಳಿದವರಿಗಿಂತ ಹೆಚ್ಚಿನ ಶಿಕ್ಷೆ ಗೊತ್ತುಮಾಡಿತ್ತು. ಅದೇ 1982ರಲ್ಲಿ ಏಷ್ಯಾಡ್ ಕ್ರೀಡಾಕೂಟದ ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಎನ್. ಭಗವತಿ, ಹಸಿವು ಮತ್ತು ಬಡತನದ ಒತ್ತಾಯದಿಂದ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವವನ ದುಡಿಮೆಯೂ ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆಯೇ ಎಂದರು. ದುಡಿಯುವವನು ತಾನಾಗಿ ಬಂದನೇ ಎಂಬುದು ಅಲ್ಲಿಯೂ ಕೊನೆಯ ಮಾತಾಗಲಿಲ್ಲ.

ಈ ಕಾಯ್ದೆ, ಈ ತೀರ್ಪು ಎರಡನ್ನೂ ಒಟ್ಟಿಗೆ ಓದಬೇಕೆಂಬುದು ನನ್ನ ವಾದ. ಒಪ್ಪಿಗೆಯನ್ನು ಬದಿಗಿಟ್ಟರೆ ವ್ಯಕ್ತಿಯ ಆಯ್ಕೆಯನ್ನೇ ಅವಮಾನಿಸಿದಂತೆ ಎಂಬ ಆಕ್ಷೇಪ ಹಳೆಯದು. ಆದರೆ ಒಲ್ಲೆನೆಂದರೆ ಏನಾಗುತ್ತಿತ್ತು ಎಂದು ಕೇಳದೆ ಒಪ್ಪಿಗೆಯ ತೂಕ ತಿಳಿಯದು. ಈ ಸೀಮೆಯಿಂದ ಕಾಫಿ ತೋಟಗಳಿಗೆ, ಕಬ್ಬು ಕಡಿಯಲು ಗುಳೆ ಹೋಗುವವರ ವಿಷಯದಲ್ಲೂ ಇದೇ ಪ್ರಶ್ನೆ ಬರುತ್ತದೆ. ಮೇಸ್ತ್ರಿಯ ಮುಂಗಡ ಪಡೆದು ಹೊರಟವರ ಕೈಹಿಡಿದು ಎಳೆದವರಾರೂ ಇಲ್ಲ. ಮಳೆ ಹೋದ ವರ್ಷ ಉಳಿದುಕೊಳ್ಳಲು ಊರಲ್ಲಿ ಏನೂ ಇರುವುದೂ ಇಲ್ಲ. ಉದ್ಯೋಗ ಖಾತರಿ ಕಾಯ್ದೆ ಆಗ ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿಗೆ 2006ರಲ್ಲಿ ಬಂತು, ಬಳ್ಳಾರಿಯಲ್ಲೇ ಉಳಿದಿದ್ದ ಕೂಡ್ಲಿಗಿಗೆ 2007ರಲ್ಲಿ. ನೂರು ದಿನದ ಕೂಲಿ ಯಾರನ್ನೂ ಸಿರಿವಂತರನ್ನಾಗಿಸದು. ಮೇಸ್ತ್ರಿಗೆ ಈ ಸಲ ಬೇಡ ಎನ್ನುವ ಮಾತಿಗೆ ಒಂದಿಷ್ಟು ಬಲ ಬರುವುದು ಅಂಥ ಕೂಲಿಯಿಂದಲೇ.

ಆಸ್ತಿಯ ಕಡೆ ಒಂದು ವಿಚಿತ್ರ ಉಳಿದಿದೆ. 1994ರಲ್ಲಿ ಕರ್ನಾಟಕ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳನ್ನು ಹುಟ್ಟಿನಿಂದಲೇ ಸಹಭಾಗಿಗಳನ್ನಾಗಿಸಿತು. ಅಷ್ಟರಲ್ಲಾಗಲೇ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತು. ಅಂದರೆ ಆಗಲೇ ಗಂಡನ ಮನೆಗೆ ಹೋಗಿದ್ದವಳಿಗೆ ಪಾಲಿಲ್ಲ, ತವರಲ್ಲೇ ಉಳಿದಿದ್ದವಳಿಗುಂಟು. ಬಸವಿಯನ್ನು ಎಂದೂ ನೆನೆಯದ ಶಾಸನಸಭೆ ಬಸವಿ ಪದ್ಧತಿಯ ತರ್ಕವನ್ನೇ ಹನ್ನೊಂದು ವರ್ಷ ಕಾನೂನಾಗಿ ಇಟ್ಟುಕೊಂಡಿತ್ತು. 2005ರ ಕೇಂದ್ರ ತಿದ್ದುಪಡಿ ಈ ಭೇದವನ್ನು ಅಳಿಸಿತು. ಮಗಳು ಪಾಲು ಪಡೆಯಲು ಮದುವೆ ಬಿಡಬೇಕಿಲ್ಲವೆಂಬುದು ಕೂಡ್ಲಿಗಿ ತಾಲ್ಲೂಕಿಗೆ ಪೂರ್ತಿಯಾಗಿ ಬಂದದ್ದು ಆ ವರ್ಷ, ಮೊದಲ ದೇವದಾಸಿ ನಿಷೇಧವಾಗಿ ಐದು ದಶಕಕ್ಕೂ ಹೆಚ್ಚು ಕಳೆದ ಮೇಲೆ. ನಿಷೇಧ ಮೊದಲು, ಪರ್ಯಾಯ ಆಮೇಲೆ ಎಂಬ ಈ ಕ್ರಮದ ಪರಿಣಾಮವನ್ನು ಇತಿಹಾಸಕಾರರು ಇನ್ನೂ ಗಂಭೀರವಾಗಿ ಪರಿಶೀಲಿಸಬೇಕಿದೆ. ಈ ಪರ್ಯಾಯವೂ ಪಾಲು ಮಾಡಲು ಹೊಲವಿದ್ದವರ ಮಾತು.

ಹೊಲವಿಲ್ಲದವರಿಗೆ ಸರ್ಕಾರ ಕೊಟ್ಟದ್ದು ಮಾಸಾಶನ ಮತ್ತು ಪುನರ್ವಸತಿ. ಅದಕ್ಕೆ ಅರ್ಹತೆಯಾಗಿದ್ದದ್ದು 1993-94 ಮತ್ತು 2007-08ರ ಸಮೀಕ್ಷೆಗಳ ಪಟ್ಟಿಯಲ್ಲಿ ಹೆಸರಿರುವುದು. ಪಟ್ಟಿಯಿಂದ ಹೊರಗುಳಿದವರನ್ನು ಸೇರಿಸಿ ಮರುಸಮೀಕ್ಷೆ ನಡೆಸಬೇಕೆಂಬುದು ದೇವದಾಸಿ ಮಹಿಳೆಯರ ಸಂಘಟನೆಗಳ ಬಹುದಿನದ ಬೇಡಿಕೆಯಾಗಿತ್ತು. 2025ರಲ್ಲಿ ವಿಧಾನಮಂಡಲಕ್ಕೆ ಬಂದ ಹೊಸ ಮಸೂದೆ, ಈ ತಾಯಂದಿರ ಮಕ್ಕಳು ತಂದೆಯನ್ನು ಗುರುತಿಸಿ ಆಸ್ತಿಯಲ್ಲಿ ಹಕ್ಕು ಕೇಳಲು ಅವಕಾಶ ಕಲ್ಪಿಸುತ್ತದೆ. ಬಸವಿಯ ಮಕ್ಕಳು ತಾತನ ಹೆಸರಿನಲ್ಲಿ ಬೆಳೆದರು. ಇನ್ನು ಮುಂದೆ ಈ ಮಕ್ಕಳು ಪಾಲು ಕೇಳಬೇಕಾದದ್ದು ಅದೇ ಊರಿನ ಇನ್ನೊಂದು ಕೇರಿಯಲ್ಲಿ, ಬಹುಪಾಲು ಮೇಲ್ಜಾತಿಯ ಭೂಮಾಲೀಕನ ಮನೆಯಲ್ಲಿ. ಹಾಗೆ ಕೇಳಿದ ಮಗಳಿಗೆ ಮರುದಿನ ಅದೇ ಊರ ಹೊಲಗಳಲ್ಲಿ ಕೂಲಿ ಸಿಗುವುದೇ ಎಂಬುದಕ್ಕೆ ಮಸೂದೆಯಲ್ಲಿ ಕಲಮಿಲ್ಲ.