ಗಡಿಯಾರದ ಇನ್ನೊಂದು ಮುಳ್ಳು

ನಮ್ಮ ಜೋಯಿಸರು ಮುಹೂರ್ತಕ್ಕೆ ಇಡುತ್ತಿದ್ದ ಗಳಿಗೆಬಟ್ಟಲನ್ನು ಕಣ್ಣಾರೆ ಕಂಡವರು ಈಗ ವಿರಳ. ತಳದಲ್ಲಿ ಸಣ್ಣ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ ಅದು ತುಂಬಿ ಮುಳುಗುವಷ್ಟರಲ್ಲಿ ಒಂದು ಗಳಿಗೆ, ಎಂದರೆ 24 ನಿಮಿಷ, ಸಂದಿರುವುದು. ಮುಳುಗಲು ಇನ್ನೆಷ್ಟು ಹೊತ್ತುಂಟೆಂಬುದು ಮಗ್ಗುಲಲ್ಲಿ ಕುಳಿತವರಿಗೆ ತಾನೇ ಕಾಣುವುದು. ಮರಳುಗಡಿಯಾರವೂ ಹಾಗೆಯೇ. ಸ್ಪ್ರಿಂಗಿನ ಗಡಿಯಾರವಾದರೋ ತನ್ನ ಬಲವನ್ನು ಮುಚ್ಚಿದ ಡಬ್ಬಿಯೊಳಗೆ ಅಡಗಿಸಿಕೊಂಡಿದೆ. ಕೀಲಿ ತೀರುವುದು ಅದು ನಿಂತ ಮೇಲೆಯೇ ನಮಗೆ ತಿಳಿಯುವುದು. ಈ ಗುಟ್ಟನ್ನು ಹೊರಗೆಡಹಲು ಮುಖಫಲಕದ ಮೇಲೆ ಬಂದ ಚಿಕ್ಕದೊಂದು ಮುಳ್ಳಿನ ಚರಿತ್ರೆಯನ್ನು ವಾಚಕರ ಮುಂದಿಡಬೇಕೆಂದಿದ್ದೇನೆ.

ಮನೆಯ ಗಡಿಯಾರ ನಿಂತರೆ ನೆರೆಮನೆಯಲ್ಲಿ ಕೇಳಿ ಸರಿಪಡಿಸಿಕೊಳ್ಳಬಹುದು. ನಡುಗಡಲಿನಲ್ಲಿ ನೆರೆಮನೆಯೆಲ್ಲಿ? ಅಕ್ಷಾಂಶವನ್ನು ಸೂರ್ಯನ ಎತ್ತರದಿಂದ ಅಳೆಯಬಹುದು. ರೇಖಾಂಶಕ್ಕೆ ಸ್ಥಳದ ಕಾಲದೊಡನೆ ಗ್ರೀನಿಚ್‌ನಂತಹ ಗೊತ್ತಾದ ಸ್ಥಳದ ಕಾಲವೂ ಬೇಕು. ಭೂಮಿಯು ಗಂಟೆಗೆ 15 ಅಂಶ ತಿರುಗುವುದರಿಂದ, 4 ಸೆಕೆಂಡುಗಳ ತಪ್ಪು ಭೂಮಧ್ಯರೇಖೆಯ ಬಳಿ ಒಂದು ನಾವಿಕ ಮೈಲಿಯ ತಪ್ಪಾಗುವುದು. 1707ರಲ್ಲಿ ಇಂಗ್ಲೆಂಡಿನ ನಾಲ್ಕು ಯುದ್ಧನೌಕೆಗಳು ದಾರಿಯ ಲೆಕ್ಕ ತಪ್ಪಿ ಸಿಲ್ಲಿ ದ್ವೀಪಗಳ ಬಂಡೆಗಳಿಗೆ ಬಡಿದು ಮುಳುಗಿದವು. 1714ರಲ್ಲಿ ಆ ದೇಶದ ಪಾರ್ಲಿಮೆಂಟು ರೇಖಾಂಶವನ್ನರಿಯುವ ಉಪಾಯಕ್ಕೆ 20,000 ಪೌಂಡುಗಳ ವರೆಗೆ ಬಹುಮಾನವನ್ನು ಸಾರಿತು. ಬಡಗಿಯ ಮಗನಾದ ಜಾನ್ ಹ್ಯಾರಿಸನ್ನನು 1759ರಲ್ಲಿ ಮುಗಿಸಿದ ತನ್ನ ನಾಲ್ಕನೆಯ ಗಡಿಯಾರದಿಂದ ಈ ತೊಡಕನ್ನು ಬಿಡಿಸಿದ ಕಥೆ ಬಹುಜನಕ್ಕೆ ಗೊತ್ತಿರುವುದೇ. ಅಷ್ಟಾಗಿ ಗೊತ್ತಿಲ್ಲದ ಸಂಗತಿಯೆಂದರೆ, ಆ ಗಡಿಯಾರ ಒಂದು ಸಲದ ಕೀಲಿಗೆ ಸುಮಾರು 30 ಗಂಟೆ ಮಾತ್ರ ನಡೆಯುತ್ತಿದ್ದುದು. ಒಂದು ದಿನ ಮರೆತರೆ ತೀರಿತು. ನಿಂತದ್ದನ್ನು ಮತ್ತೆ ನಡೆಸಬಹುದು. ಆದರೆ ಕಳೆದುಹೋದ ಗ್ರೀನಿಚ್ ಕಾಲವನ್ನು ಎಲ್ಲಿಂದ ತರುವುದು? ಚಂದ್ರನಿಗೂ ನಕ್ಷತ್ರಗಳಿಗೂ ಇರುವ ಅಂತರವನ್ನಳೆದು ನೀಳವಾದ ಗಣಿತವನ್ನು ಮಾಡಬೇಕು, ಇಲ್ಲವೆ ರೇಖಾಂಶ ಗೊತ್ತಿರುವ ಬಂದರನ್ನು ಸೇರಬೇಕು.

ಆದುದರಿಂದ 1772ರಲ್ಲಿ ಕಪ್ತಾನ್ ಕುಕ್ಕನ ಎರಡನೆಯ ಯಾನಕ್ಕೆ, ಹ್ಯಾರಿಸನ್ನನ ಯಂತ್ರವನ್ನು ನೋಡಿ ಲಾರ್ಕಮ್ ಕೆಂಡಾಲನು ಮಾಡಿದ್ದ ಪ್ರತಿಯನ್ನು ಕೊಟ್ಟಾಗ, ಅದರ ಪೆಟ್ಟಿಗೆಗೆ ಮೂರು ಬೀಗಗಳನ್ನು ಹಾಕಿಸಿದರು. ಒಂದರ ಕೈ ಕಪ್ತಾನನಲ್ಲಿ, ಒಂದರದು ಮೊದಲ ಲೆಫ್ಟಿನೆಂಟನಲ್ಲಿ, ಮತ್ತೊಂದರದು ಖಗೋಳಜ್ಞನಾದ ವಿಲಿಯಂ ವೇಲ್ಸನಲ್ಲಿ. ನಮ್ಮ ದೇವಸ್ಥಾನಗಳ ಭಂಡಾರವನ್ನು ಧರ್ಮದರ್ಶಿಗಳೆಲ್ಲ ಕೂಡಿಯೇ ತೆರೆಯುವಂತೆ, ಈ ಮೂವರೂ ನೆರೆದಲ್ಲದೆ ಕೀಲಿ ಕೊಡುವಂತಿರಲಿಲ್ಲ. ಮರೆವಿಗೆ ಅಂದು ಇದ್ದ ಮದ್ದು ಮನುಷ್ಯರ ಕಾವಲೊಂದೇ.

19ನೆಯ ಶತಮಾನದ ಹಡಗಿನ ಕ್ರೋನಾಮೀಟರುಗಳಲ್ಲಿ ಈ ಕಾವಲಿಗೆ ನೆರವಾಗಿ ಆ ಚಿಕ್ಕ ಮುಳ್ಳು ವಾಡಿಕೆಗೆ ಬಂದಿತು. ಅದರ ಏರ್ಪಾಡು ಬಹು ಸರಳ. ಕ್ರೋನಾಮೀಟರಿನಲ್ಲಿ ಸ್ಪ್ರಿಂಗಿನ ಡಬ್ಬಿಯು ಸಣ್ಣ ಸರಪಣಿಯ ಮೂಲಕ ಶಂಕುವಿನಾಕಾರದ ರಾಟೆಯೊಂದನ್ನು ಎಳೆಯುತ್ತದೆ. ಕೀಲಿ ಕೊಡುವಾಗ ರಾಟೆ ಒಂದು ಕಡೆಗೂ ಗಡಿಯಾರ ನಡೆಯುವಾಗ ಎದುರು ಕಡೆಗೂ ತಿರುಗುವುದು. ಅದರ ಅಚ್ಚಿಗೆ ಪುಟ್ಟ ಹಲ್ಲುಚಕ್ರವನ್ನು ಸೇರಿಸಿ ಮುಳ್ಳಿಗೆ ಹೊಂದಿಸಿದರೆ ಸಾಕು. ಎರಡು ದಿನದ ಕ್ರೋನಾಮೀಟರಿನಲ್ಲಿ 0ಯಿಂದ 56ರ ವರೆಗೆ ಗಂಟೆಗಳ ಗುರುತಿರುವುದು. ಪೂರ್ತಿ ಕೀಲಿ ಕೊಟ್ಟಾಗ ಮುಳ್ಳು ಸೊನ್ನೆಯಲ್ಲಿ, ಮರುದಿನ ಅದೇ ಹೊತ್ತಿಗೆ 24ರಲ್ಲಿ. ನಾವಿಕನಿಗೆ ಅದು ಹೇಳುತ್ತಿದ್ದುದು ಉಳಿದುದನ್ನಲ್ಲ, ಕಳೆದುದನ್ನು. ಮುಳ್ಳು 30ನ್ನು ದಾಟಿದ್ದರೆ ಯಾರೋ ಕರ್ತವ್ಯ ತಪ್ಪಿದರೆಂದೇ ಅರ್ಥ. ಆದರೂ ಯಂತ್ರವಿನ್ನೂ ನಿಂತಿಲ್ಲ.

ಎರಡು ದಿನ ನಡೆಯುವುದಕ್ಕೆ ದಿನದಿನವೂ ಕೀಲಿಯೇಕೆಂದು ಕೇಳಬಹುದು. ಪ್ರತಿದಿನವೂ ಸ್ಪ್ರಿಂಗಿನ ಅದೇ ಭಾಗ ಬಿಚ್ಚಿಕೊಂಡರೆ ನಡೆ ಸಮನಾಗಿರುವುದು, ಮರೆವಿಗೂ ಒಂದು ದಿನದ ಅವಕಾಶ ಉಳಿಯುವುದು.

1831ರಿಂದ 1836ರ ವರೆಗೆ ಲೋಕವನ್ನು ಸುತ್ತಿದ ಬೀಗಲ್ ನೌಕೆಯ ಹೆಸರು ನಮಗೆ ಡಾರ್ವಿನ್ನನಿಂದ ಪರಿಚಿತ. ಕಪ್ತಾನ್ ಫಿಟ್ಸ್‌ರಾಯನಿಗಾದರೋ ಅದರಲ್ಲಿದ್ದ 22 ಕ್ರೋನಾಮೀಟರುಗಳೇ ಮುಖ್ಯ. ಮರದ ಹೊಟ್ಟಿನ ಹಾಸಿನಲ್ಲಿ ಅವುಗಳನ್ನಿರಿಸಿ, ನಿತ್ಯ ಗೊತ್ತಾದ ಹೊತ್ತಿಗೆ ಕೀಲಿ ಕೊಡಿಸಿ, ಒಂದರೊಡನೊಂದನ್ನು ಹೋಲಿಸಿ ನೋಡುತ್ತಿದ್ದರು. ಈ ಪಾಲನೆಗೆಂದೇ ಸ್ಟೆಬಿಂಗ್ ಎಂಬ ಉಪಕರಣಗಾರನನ್ನು ಆತನು ಸ್ವಂತ ಖರ್ಚಿನಿಂದ ಕರೆದೊಯ್ದಿದ್ದನು. ಸುತ್ತು ಮುಗಿದ ಮೇಲೆ ಅಳೆದ ಅಂತರಗಳನ್ನೆಲ್ಲ ಕೂಡಿಸಿದಾಗ 24 ಗಂಟೆಗೆ 33 ಸೆಕೆಂಡು ಮಾತ್ರ ಹೆಚ್ಚಾಯಿತು!

ಇತ್ತ ನೆಲದ ಮೇಲೆ, ಪ್ಯಾರಿಸ್ಸಿನ ಅಬ್ರಹಾಂ ಲೂಯಿ ಬ್ರೆಗೆ ಎಂಬವನು 18ನೆಯ ಶತಮಾನದ ಕೊನೆಯಲ್ಲಿಯೇ ತಾನಾಗಿ ಕೀಲಿಯೇರುವ ಜೇಬುಗಡಿಯಾರಗಳಲ್ಲಿ ಇಂಥ ಮುಳ್ಳನ್ನಿಟ್ಟಿದ್ದನು. ಅಲ್ಲಿ ಇದರ ಅಗತ್ಯ ಬೇರೆ ಬಗೆಯದು. ನಡಿಗೆಯ ಅಲುಗಾಟದಿಂದ ಕೀಲಿಯೇರುವಾಗ ಒಡೆಯನಿಗೆ ತಾನು ಎಷ್ಟು ತುಂಬಿದೆನೆಂಬ ನೆನಪಾದರೂ ಎಲ್ಲಿಯದು? 1783ರಲ್ಲಿ ರಾಣಿ ಮರೀ ಆಂತ್ವಾನೆತ್ತಳಿಗೆಂದು ಬೇಡಿಕೆ ಬಂದ 160ನೆಯ ಸಂಖ್ಯೆಯ ಗಡಿಯಾರದಲ್ಲಿಯೂ ಈ ಮುಳ್ಳುಂಟು. ಅದು ಸಿದ್ಧವಾದುದು 1827ರಲ್ಲಿ. ರಾಣಿಯ ಶಿರಚ್ಛೇದವಾಗಿ 34 ವರ್ಷ, ಬ್ರೆಗೆ ತೀರಿಹೋಗಿ 4 ವರ್ಷ ಸಂದಿದ್ದವು.

ರಾಟೆಯಿಲ್ಲದ ಗಡಿಯಾರದಲ್ಲಿ ಕೆಲಸ ತುಸು ಕಠಿನ. ಅಲ್ಲಿ ಕೀಲಿ ಕೊಡುವಾಗ ಡಬ್ಬಿಯ ಅಚ್ಚೂ ನಡೆಯುವಾಗ ಡಬ್ಬಿಯೂ ಒಂದೇ ದಿಕ್ಕಿಗೆ ತಿರುಗುವುದರಿಂದ, ಒಂದರಲ್ಲಿ ಇನ್ನೊಂದನ್ನು ಕಳೆದು ತೋರಿಸುವ ಚಕ್ರಗಳ ಕೂಟ ಬೇಕು; ಯಂತ್ರವೇ ಜಮಾ ಖರ್ಚಿನ ಲೆಕ್ಕವಿಡಬೇಕೆನ್ನಿರಿ. 1948ರಲ್ಲಿ ಸ್ವಿಟ್ಜರ್ಲೆಂಡಿನ ಜೇಜರ್ ಲೆಕೂಲ್ತ್ರ ಸಂಸ್ಥೆಯವರು ತಾನಾಗಿ ಕೀಲಿಯೇರುವ ಕೈಗಡಿಯಾರದಲ್ಲಿ ಪುಟ್ಟ ಕಿಂಡಿಯೊಂದನ್ನಿಟ್ಟು, ಉಳಿದ ಗಂಟೆಗಳನ್ನು ಅದರಲ್ಲಿ ಕಾಣಿಸಿದರು. ಇಂದು ಕೈಗಡಿಯಾರದಲ್ಲಿ ಇದು ಬಹುಮಟ್ಟಿಗೆ ಅಲಂಕಾರವೆಂದೇ ನನ್ನೆಣಿಕೆ. ಅದು ನಿಂತರೆ ಹಡಗೇನೂ ಒಡೆಯುವುದಿಲ್ಲ.

ಹ್ಯಾರಿಸನ್ನನ ನಾಲ್ಕನೆಯ ಗಡಿಯಾರದ ಮುಖದಲ್ಲಿ ಇಂಥ ಮುಳ್ಳಿಲ್ಲ. ಅದು ಈಗ ಗ್ರೀನಿಚ್‌ನಲ್ಲಿದೆ. ಆತನ ಮೊದಲ ಮೂರು ಯಂತ್ರಗಳಿಗೆ ಎಣ್ಣೆ ಬೇಡ; ಇದಕ್ಕೆ ಬೇಕು. ನಡೆಸಿದರೆ ಸವೆಯುವುದೆಂದು ಇದಕ್ಕೆ ಕೀಲಿ ಕೊಡದೆ ನಿಲ್ಲಿಸಿಟ್ಟಿದ್ದಾರೆ.